ವಿಗನ್ ಅಥ್ಲೆಟಿಕ್‌ನ ಮೊದಲ ಎಫ್‌ಎ ಕಪ್: ಪದೇ ಪದೇ ಕೇಳುವ ಪ್ರಶ್ನೆಗಳು

2013ರ ಮೇ 11, ಶನಿವಾರ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ವಿಗನ್ ಅಥ್ಲೆಟಿಕ್ ಎಂಬ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಸಿಟಿಯನ್ನು 1-0ಯಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ದೊಡ್ಡ ಕಪ್. ಮೂರೇ ದಿನದ ನಂತರ ಅದೇ ತಂಡ ದೇಶದ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು. ನಾನು ಆ ಫೈನಲ್ ನೋಡಿದವನು. ಇವತ್ತಿಗೂ ನನಗೆ ಅದಕ್ಕಿಂತ ಇಷ್ಟವಾದ ಫೈನಲ್ ಇನ್ನೊಂದಿಲ್ಲ. ಈಗ ಇಂಗ್ಲಿಷ್ ಫುಟ್‌ಬಾಲ್ ನೋಡಲು ಶುರು ಮಾಡಿದವರು ಇದರ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ವಿಗನ್ ಎಲ್ಲಿದೆ? ಹೆಸರೇ ಕೇಳಿಲ್ಲವಲ್ಲ?

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಇರುವ ಊರು. ಒಂದು ಕಾಲದಲ್ಲಿ ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳ ಊರು. ಎರಡು ಕಡೆಯೂ ಜಗತ್ತಿಗೇ ಗೊತ್ತಿರುವ ಫುಟ್‌ಬಾಲ್ ಕ್ಲಬ್ಬುಗಳು. ಅರ್ಧ ಗಂಟೆ, ಮುಕ್ಕಾಲು ಗಂಟೆ ಪ್ರಯಾಣ ಮಾಡಿದರೆ ಅವುಗಳ ಮೈದಾನ ಸಿಗುತ್ತದೆ. ಅಂಥ ಜಾಗದಲ್ಲಿ ಬೆಳೆಯುವ ಹುಡುಗ ತನ್ನ ಊರಿನ ಸಣ್ಣ ತಂಡವನ್ನೇ ಹಿಡಿದುಕೊಳ್ಳುವುದು ಸುಲಭವಲ್ಲ.

ಇನ್ನೊಂದು ಕಷ್ಟವೂ ಇದೆ. ವಿಗನ್ ಮೂಲತಃ ರಗ್ಬಿ ಲೀಗ್ ಊರು. ಅಲ್ಲಿನ ರಗ್ಬಿ ತಂಡ 1988ರಿಂದ 1995ರವರೆಗೆ ಸತತ ಎಂಟು ವರ್ಷ ಚಾಲೆಂಜ್ ಕಪ್ ಗೆದ್ದಿತ್ತು. ಊರಿನ ಹೆಮ್ಮೆಯೆಲ್ಲ ಆ ಕಡೆಗೇ. ಫುಟ್‌ಬಾಲ್ ತಂಡ ಮನೆಯ ಕಿರಿಯ ಮಗನ ಹಾಗೆ ಇತ್ತು.

ಕ್ಲಬ್ ಎಷ್ಟು ಹಳೆಯದು?

1932ರಲ್ಲಿ ಹುಟ್ಟಿದ್ದು. ಇಂಗ್ಲೆಂಡಿನ ಲೆಕ್ಕದಲ್ಲಿ ಇದು ತಡವೇ. ಅಲ್ಲಿನ ಬಹಳಷ್ಟು ಹೆಸರಾಂತ ಕ್ಲಬ್ಬುಗಳು 19ನೇ ಶತಮಾನದವು. ವಿಗನ್‌ಗೆ ದೇಶದ ಮೇಲಿನ ನಾಲ್ಕು ಹಂತಗಳ ಫುಟ್‌ಬಾಲ್ ಲೀಗ್‌ನೊಳಗೆ ಕಾಲಿಡಲು ಮತ್ತೂ 46 ವರ್ಷ ಬೇಕಾಯಿತು. ಆಗ ಲೀಗ್‌ಗೆ ಸೇರಬೇಕಾದರೆ ಮೈದಾನದಲ್ಲಿ ಗೆದ್ದರೆ ಸಾಲದು, ಉಳಿದ ಕ್ಲಬ್ಬುಗಳು ಮತ ಹಾಕಿ ಒಪ್ಪಿಕೊಳ್ಳಬೇಕಿತ್ತು. ವಿಗನ್ ಮತ್ತೆ ಮತ್ತೆ ಅರ್ಜಿ ಹಾಕಿತು, ಮತ್ತೆ ಮತ್ತೆ ತಿರಸ್ಕಾರ. ಬೇಸತ್ತು 1972ರಲ್ಲಿ ಸ್ಕಾಟ್ಲೆಂಡಿನ ಲೀಗ್‌ಗೂ ಅರ್ಜಿ ಹಾಕಿತ್ತು! ಕೊನೆಗೆ 1978ರಲ್ಲಿ ಸೌತ್‌ಪೋರ್ಟ್ ಎಂಬ ಕ್ಲಬ್ಬಿನ ಜಾಗಕ್ಕೆ ಇದನ್ನು ತೆಗೆದುಕೊಂಡರು. ಅಲ್ಲಿಂದ 35 ವರ್ಷಕ್ಕೆ ಎಫ್‌ಎ ಕಪ್.

ಇದು ನಿಜವಾಗಿಯೂ ಮೊದಲ ಕಪ್ಪಾ?

ಮೊದಲ *ದೊಡ್ಡ* ಕಪ್. ಕೆಳಗಿನ ಹಂತದ ತಂಡಗಳಿಗಾಗಿಯೇ ನಡೆಯುವ ಲೀಗ್ ಟ್ರೋಫಿಯನ್ನು ವಿಗನ್ 1985ರಲ್ಲಿ ಮತ್ತು 1999ರಲ್ಲಿ ಗೆದ್ದಿತ್ತು. ಎರಡೂ ಫೈನಲ್ ಹಳೆಯ ವೆಂಬ್ಲಿಯಲ್ಲೇ ನಡೆದಿದ್ದವು. ಆದರೆ ದೇಶದ ಎಲ್ಲ ದೊಡ್ಡ ತಂಡಗಳೂ ಆಡುವ ಕಪ್ಪುಗಳಲ್ಲಿ ಅವರು ಅದಕ್ಕೆ ಮೊದಲು ಫೈನಲ್ ತಲುಪಿದ್ದು ಒಂದೇ ಸಲ. 2006ರ ಲೀಗ್ ಕಪ್ ಫೈನಲ್. ಅಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 4-0ಯಿಂದ ಸೋಲಿಸಿತು.

ಎಫ್‌ಎ ಕಪ್‌ಗೆ ಯಾಕಿಷ್ಟು ಬೆಲೆ?

1871ರಲ್ಲಿ ಶುರುವಾದ ಈ ಟೂರ್ನಿ ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಕಪ್. ಸಣ್ಣ ಊರಿನ ಹವ್ಯಾಸಿ ತಂಡಗಳಿಂದ ಹಿಡಿದು ಲೀಗ್ ಚಾಂಪಿಯನ್ನರವರೆಗೆ ಎಲ್ಲರೂ ಆಡುತ್ತಾರೆ. ಯಾರಿಗೆ ಯಾರು ಎದುರಾಳಿ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಸೋತರೆ ಮನೆಗೆ.

ಮಾತಿಗೆ ಎಲ್ಲರಿಗೂ ಅವಕಾಶವಿದೆ, ಗೆಲ್ಲುವವರು ಮಾತ್ರ ಅದೇ ಕೆಲವು ದೊಡ್ಡ ತಂಡಗಳು. 1996ರಿಂದ 2012ರವರೆಗಿನ 17 ಫೈನಲ್‌ಗಳನ್ನು ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್, ಆರ್ಸೆನಲ್, ಚೆಲ್ಸೀ, ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ. ಈ ಐದು ಹೆಸರು ಬಿಟ್ಟರೆ ಗೆದ್ದಿದ್ದು 2008ರಲ್ಲಿ ಪೋರ್ಟ್ಸ್‌ಮತ್ ಒಂದೇ. ಆ ಪಟ್ಟಿಯ ಕೆಳಗೆ ವಿಗನ್ ಹೆಸರು ಬಂದಾಗ ಜನ ಕಣ್ಣುಜ್ಜಿಕೊಂಡು ನೋಡಿದ್ದು ಅದಕ್ಕೇ.

ಡೇವ್ ವೀಲನ್ ಯಾರು? ಈ ಕಥೆಯಲ್ಲಿ ಅವರ ಹೆಸರು ಯಾಕೆ ಪದೇ ಪದೇ ಬರುತ್ತೆ?

ಅವರಿಲ್ಲದೆ ಈ ಕಥೆಯೇ ಇಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ವೀಲನ್ ವಿಗನ್‌ನಲ್ಲಿ ಬೆಳೆದವರು, ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡಕ್ಕೆ ಡಿಫೆಂಡರ್ ಆಗಿ ಆಡುತ್ತಿದ್ದರು. 1960ರಲ್ಲಿ ಅವರ ತಂಡ ಎಫ್‌ಎ ಕಪ್ ಫೈನಲ್ ತಲುಪಿತು. ವೆಂಬ್ಲಿ, ಎದುರಾಳಿ ವುಲ್ವ್ಸ್. ಮೊದಲ ಅವಧಿ ಮುಗಿಯುವ ಮುಂಚೆಯೇ ಒಂದು ಟ್ಯಾಕಲ್‌ನಲ್ಲಿ ವೀಲನ್ ಕಾಲು ಮುರಿಯಿತು. ಆಗ ಬದಲಿ ಆಟಗಾರರ ನಿಯಮವೇ ಇರಲಿಲ್ಲ. ಅವರನ್ನು ಹೊತ್ತುಕೊಂಡು ಹೋದರು, ಬ್ಲ್ಯಾಕ್‌ಬರ್ನ್ ಉಳಿದ ಹತ್ತೇ ಜನರೊಂದಿಗೆ ಆಡಿತು, 3-0ಯಿಂದ ಸೋತಿತು. ದೊಡ್ಡ ಮಟ್ಟದಲ್ಲಿ ಅವರ ಆಟ ಅಲ್ಲಿಗೆ ಮುಗಿದ ಹಾಗೆಯೇ ಆಯಿತು.

ಆಮೇಲೆ ಸಂತೆಯಲ್ಲಿ ಅಂಗಡಿ ಹಾಕಿದರು. ಅದರಿಂದ ಸೂಪರ್ ಮಾರ್ಕೆಟ್, ಅದರಿಂದ ಕ್ರೀಡಾ ಸಾಮಗ್ರಿಗಳ ದೊಡ್ಡ ವ್ಯಾಪಾರ. 1995ರಲ್ಲಿ ವಿಗನ್ ಅಥ್ಲೆಟಿಕ್ ಅನ್ನು ಕೊಂಡರು. ಆಗ ಕ್ಲಬ್ ನಾಲ್ಕನೇ ಹಂತದ ಲೀಗ್‌ನಲ್ಲಿತ್ತು. ಇದನ್ನು ಪ್ರೀಮಿಯರ್ ಲೀಗ್‌ಗೆ ಒಯ್ಯುತ್ತೇನೆ ಎಂದರು. ಕೇಳಿದವರು ನಕ್ಕರು. 1999ರಲ್ಲಿ ಹೊಸ ಕ್ರೀಡಾಂಗಣ ಕಟ್ಟಿಸಿದರು, ಸುಮಾರು 25,000 ಜನ ಕೂರುವಂಥದ್ದು. 2005ರಲ್ಲಿ ಪಾಲ್ ಜುವೆಲ್ ಮ್ಯಾನೇಜರ್ (ಅಂದರೆ ತಂಡದ ಕೋಚ್) ಆಗಿದ್ದಾಗ ವಿಗನ್ ನಿಜವಾಗಿಯೂ ಪ್ರೀಮಿಯರ್ ಲೀಗ್ ತಲುಪಿತು. ಹತ್ತು ವರ್ಷಕ್ಕೆ ನಾಲ್ಕನೇ ಮೆಟ್ಟಿಲಿನಿಂದ ಮೊದಲನೇ ಮೆಟ್ಟಿಲಿಗೆ.

2013ರ ಫೈನಲ್ ದಿನ ತಂಡವನ್ನು ಮೈದಾನಕ್ಕೆ ಕರೆತಂದವರು ವೀಲನ್. ಸಾಮಾನ್ಯವಾಗಿ ಆ ಕೆಲಸ ಮ್ಯಾನೇಜರ್‌ದು. ಅವತ್ತು ಮ್ಯಾನೇಜರ್ ಮಾರ್ಟಿನೆಜ್ ಜೊತೆಗೆ 76 ವರ್ಷದ ವೀಲನ್ ಸಾಲಿನ ಮುಂದೆ ನಡೆದು ಬಂದರು. 53 ವರ್ಷದ ಹಿಂದೆ ಸ್ಟ್ರೆಚರ್ ಮೇಲೆ ಹೊರಗೆ ಹೋದವರು. ಹಳೆಯ ವೆಂಬ್ಲಿಯನ್ನು ಕೆಡವಿ ಅಲ್ಲೇ ಹೊಸದನ್ನು ಕಟ್ಟಿದ್ದರು, ಆದರೆ ಜಾಗ ಅದೇ. ಆ ದೃಶ್ಯ ನೋಡುವಾಗ ನನಗೆ ಗಂಟಲು ಕಟ್ಟಿತ್ತು, ಆಟ ಇನ್ನೂ ಶುರುವಾಗಿರಲಿಲ್ಲ.

ರೊಬೆರ್ಟೊ ಮಾರ್ಟಿನೆಜ್ ವಿಗನ್‌ಗೆ ಬಂದಿದ್ದು ಹೇಗೆ?

ಆಟಗಾರನಾಗಿ, ಅದೂ 1995ರಲ್ಲೇ. ವೀಲನ್ ಸ್ಪೇನ್‌ನಿಂದ ಮೂವರು ಹುಡುಗರನ್ನು ಕರೆಸಿದ್ದರು, ಅವರಲ್ಲಿ ಒಬ್ಬರು ಮಾರ್ಟಿನೆಜ್. ಇಂಗ್ಲೆಂಡಿನ ನಾಲ್ಕನೇ ಹಂತದಲ್ಲಿ ಸ್ಪೇನ್‌ನ ಆಟಗಾರರು ಎಂದರೆ ಆಗ ನಂಬುವ ಮಾತಲ್ಲ. ಮಾರ್ಟಿನೆಜ್ ಆರು ವರ್ಷ ಅಲ್ಲಿ ಆಡಿದರು. ಸ್ವಾನ್ಸೀ ತಂಡದ ಮ್ಯಾನೇಜರ್ ಆಗಿ ಹೆಸರು ಮಾಡಿ, 2009ರಲ್ಲಿ ಮ್ಯಾನೇಜರ್ ಆಗಿ ವಿಗನ್‌ಗೆ ಮರಳಿದರು.

ಅವರದ್ದು ಒಂದು ಹಟ ಇತ್ತು. ಕೈಯಲ್ಲಿ ಎಷ್ಟೇ ಕಡಿಮೆ ಹಣವಿರಲಿ, ಎದುರಾಳಿ ಎಷ್ಟೇ ದೊಡ್ಡವನಿರಲಿ, ಚೆಂಡನ್ನು ಸುಮ್ನೆ ಮುಂದಕ್ಕೆ ಒದೆಯಬಾರದು, ಪಾಸ್ ಮಾಡಿಕೊಂಡೇ ಹೋಗಬೇಕು. ಈ ಹಟದಿಂದ ತಂಡ ಎಷ್ಟೋ ಸಲ ಪೆಟ್ಟು ತಿಂದಿದೆ. ಅದೇ ಹಟದಿಂದ 2012ರಲ್ಲಿ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು ಲೀಗ್‌ನಲ್ಲಿ ಉಳಿದುಕೊಂಡಿತ್ತು. ಆ ಏಳರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ಮೂರೂ ಸೋತಿದ್ದವು.

ಫೈನಲ್ ತಲುಪಿದ ದಾರಿ ಹೇಗಿತ್ತು?

ಶುರು ಚೆನ್ನಾಗಿರಲಿಲ್ಲ. ಮೂರನೇ ಸುತ್ತಿನಲ್ಲಿ ಮೂರನೇ ಹಂತದ ಬೋರ್ನ್‌ಮತ್ ವಿರುದ್ಧ ಮನೆಯಂಗಳದಲ್ಲೇ 1-1. ಮರುಪಂದ್ಯದಲ್ಲಿ 1-0. ಆಮೇಲೆ ಲೀಗ್‌ನ ಹೊರಗಿದ್ದ ಮ್ಯಾಕಲ್ಸ್‌ಫೀಲ್ಡ್ ವಿರುದ್ಧ ಒಂದು ಪೆನಾಲ್ಟಿಯಿಂದ 1-0. ಹಡರ್ಸ್‌ಫೀಲ್ಡ್ ವಿರುದ್ಧ 4-1.

ನಿಜವಾದ ತಿರುವು ಕ್ವಾರ್ಟರ್ ಫೈನಲ್. ಎವರ್ಟನ್ ಮೈದಾನದಲ್ಲಿ ಆಟ. ಅರ್ಧ ಗಂಟೆ ಆಗುವ ಹೊತ್ತಿಗೆ ನಾಲ್ಕು ನಿಮಿಷದೊಳಗೆ ವಿಗನ್‌ನ ಮೂರು ಗೋಲು: ಫಿಗುಯೆರೋವಾ, ಮೆಕ್‌ಮ್ಯಾನಮನ್, ಜೋರ್ಡಿ ಗೋಮೆಜ್. ಎವರ್ಟನ್ ಪ್ರೇಕ್ಷಕರು ಬಾಯಿ ತೆರೆದು ಕೂತಿದ್ದರು. 3-0. ಸೆಮಿಫೈನಲ್‌ನಲ್ಲಿ ಮಿಲ್‌ವಾಲ್ ವಿರುದ್ಧ 2-0.

ಫೈನಲ್‌ನಲ್ಲಿ ಏನಾಯಿತು?

ನಮ್ಮಲ್ಲಿ ರಾತ್ರಿ 9:45ಕ್ಕೆ ಶುರುವಾಯಿತು. ವೆಂಬ್ಲಿಯಲ್ಲಿ ಸಂಜೆ, ಮಳೆ, 86,254 ಪ್ರೇಕ್ಷಕರು. ಸಿಟಿ ಕಡೆ ಯಾಯಾ ಟೂರೆ, ಡೇವಿಡ್ ಸಿಲ್ವಾ, ಟೆವೆಜ್, ಅಗುವೆರೋ, ಕೊಂಪನಿ. ಹಿಂದಿನ ವರ್ಷದ ಲೀಗ್ ಚಾಂಪಿಯನ್ನರು. ಈ ಕಡೆ ನಾಲ್ಕು ದಿನದ ಹಿಂದಷ್ಟೇ ಸ್ವಾನ್ಸೀ ವಿರುದ್ಧ ಮನೆಯಲ್ಲೇ 3-2ರಿಂದ ಸೋತು ಲೀಗ್‌ನಲ್ಲಿ ಕುತ್ತಿಗೆವರೆಗೆ ಮುಳುಗಿದ್ದ ವಿಗನ್.

ಹೆದರಿಕೊಂಡು ಹಿಂದೆ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕ್ಯಾಲಮ್ ಮೆಕ್‌ಮ್ಯಾನಮನ್ ಎಂಬ 22 ವರ್ಷದ ಹುಡುಗ ಚೆಂಡು ಸಿಕ್ಕಿದಾಗಲೆಲ್ಲ ಸಿಟಿಯ ಎಡಬದಿಯನ್ನು ಕಲಕಿಬಿಟ್ಟ. ಕ್ಲಿಶಿಯಂಥ ಅನುಭವಿ ಡಿಫೆಂಡರ್‌ಗೆ ಅವನನ್ನು ಹಿಡಿಯಲಾಗಲಿಲ್ಲ. ಪಂದ್ಯಶ್ರೇಷ್ಠನೂ ಅವನೇ. ಸಿಟಿಗೂ ಅವಕಾಶ ಸಿಕ್ಕವು. ಮೊದಲ ಅವಧಿಯಲ್ಲಿ ಟೆವೆಜ್ ಹತ್ತಿರದಿಂದ ಹೊಡೆದದ್ದನ್ನು ವಿಗನ್ ಗೋಲ್‌ಕೀಪರ್ ರೊಬ್ಲೆಸ್ ಕಾಲಿನಿಂದ ತಡೆದರು. ಎರಡನೇ ಅವಧಿಯಲ್ಲಿ ವಿಗನ್‌ನ ಶಾನ್ ಮಲೋನಿಯ ಫ್ರೀಕಿಕ್ ಅಡ್ಡಕಂಬಕ್ಕೆ ಬಡಿಯಿತು.

81ನೇ ನಿಮಿಷದಲ್ಲಿ ಮಾರ್ಟಿನೆಜ್ ಜೋರ್ಡಿ ಗೋಮೆಜ್ ಬದಲಿಗೆ ಬೆನ್ ವಾಟ್ಸನ್‌ನನ್ನು ಇಳಿಸಿದರು. 84ನೇ ನಿಮಿಷದಲ್ಲಿ ಮತ್ತೆ ಮೆಕ್‌ಮ್ಯಾನಮನ್ ಓಡಿದ, ಸಿಟಿಯ ಝಬಲೆಟಾ ಬೀಳಿಸಿದರು, ಎರಡನೇ ಹಳದಿ ಕಾರ್ಡ್, ಹೊರಗೆ. ಎಫ್‌ಎ ಕಪ್ ಫೈನಲ್‌ಗಳ ಇತಿಹಾಸದಲ್ಲಿ ಅದು ಮೂರನೇ ಕೆಂಪು ಕಾರ್ಡ್ ಅಷ್ಟೇ. ಸಿಟಿ ಈಗ ಹತ್ತು ಜನ.

90 ನಿಮಿಷ ಮುಗಿಯಿತು. ಬಲಗಡೆಯಿಂದ ವಿಗನ್‌ಗೆ ಕಾರ್ನರ್. ಮಲೋನಿ ಚೆಂಡನ್ನು ಹತ್ತಿರದ ಕಂಬದ ಕಡೆಗೆ ತಿರುಗಿಸಿದರು. ವಾಟ್ಸನ್ ಎಲ್ಲರಿಗಿಂತ ಮೊದಲು ಎದ್ದ. ತಲೆಗೆ ತಾಗಿದ ಚೆಂಡು ಸಿಟಿ ಗೋಲ್‌ಕೀಪರ್ ಜೋ ಹಾರ್ಟ್ ಮೇಲಿಂದ ಬಲೆಯೊಳಗೆ ಹೋಯಿತು. 1-0.

ಬೆನ್ ವಾಟ್ಸನ್ ಅಂಥ ದೊಡ್ಡ ಆಟಗಾರನೇ?

ಹೆಸರಾಂತ ತಾರೆಯಲ್ಲ. ಮಿಡ್‌ಫೀಲ್ಡ್‌ನಲ್ಲಿ ಸದ್ದಿಲ್ಲದೆ ಕೆಲಸ ಮಾಡುವಂಥವನು. 2012ರ ನವೆಂಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಆಡುವಾಗ ಅವನ ಕಾಲು ಮುರಿದಿತ್ತು. ತಿಂಗಳುಗಟ್ಟಲೆ ಹೊರಗಿದ್ದು, ಸೀಸನ್ ಮುಗಿಯುವ ಹೊತ್ತಿಗೆ ಆಗಷ್ಟೇ ಮರಳಿದ್ದ.

ಕಾಲು ಮುರಿದು ಆ ಕಪ್ ಕಳೆದುಕೊಂಡವರು ವೀಲನ್. ಅವರ ಕ್ಲಬ್ಬಿಗೆ ಆ ಕಪ್ ತಂದುಕೊಟ್ಟವನು ಕಾಲು ಮುರಿದುಕೊಂಡು ಎದ್ದು ಬಂದ ಹುಡುಗ. ಕಥೆಯಲ್ಲಿ ಬರೆದರೆ ಸುಳ್ಳು ಎಂದುಬಿಡುತ್ತೀರಿ, ಅಲ್ವಾ?

ಸಿಟಿ ಆವತ್ತು ಮನಸ್ಸಿಟ್ಟು ಆಡಲಿಲ್ಲ ಅಂತಾರಲ್ಲ?

ಅದರ ಮ್ಯಾನೇಜರ್ ರೊಬೆರ್ಟೊ ಮನ್ಚಿನಿಯನ್ನು ತೆಗೆಯುತ್ತಾರೆ ಎಂಬ ಸುದ್ದಿ ಪಂದ್ಯದ ದಿನವೇ ಹರಡಿತ್ತು. ಎರಡು ದಿನದ ನಂತರ ತೆಗೆದೂ ಬಿಟ್ಟರು, ಲೀಗ್ ಗೆದ್ದುಕೊಟ್ಟು ಸರಿಯಾಗಿ ಒಂದು ವರ್ಷಕ್ಕೆ. ಅದು ತಂಡದ ಮೇಲೆ ಪರಿಣಾಮ ಬೀರಿರಬಹುದು. ಆದರೆ ಇದನ್ನೇ ಹಿಡಿದು ವಿಗನ್ ಗೆಲುವನ್ನು ಸಣ್ಣದು ಮಾಡುವುದು ನ್ಯಾಯವಲ್ಲ. ಝಬಲೆಟಾ ಹೊರಹೋಗುವ ಮುಂಚೆಯೇ ವಿಗನ್ ಸರಿಸಮಾನವಾಗಿ ಆಡುತ್ತಿತ್ತು. ಅನುಮಾನವಿದ್ದರೆ ಮುಂದಿನ ವರ್ಷ ನೋಡಿ. 2014ರ ಮಾರ್ಚ್‌ನಲ್ಲಿ ಎರಡನೇ ಹಂತದ ತಂಡವಾಗಿ ಹೋಗಿ, ಅದೇ ಸಿಟಿಯನ್ನು ಅದರ ಮನೆಯಲ್ಲೇ ಎಫ್‌ಎ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ 2-1ರಿಂದ ಸೋಲಿಸಿದರು. 2018ರಲ್ಲಿ ಮೂರನೇ ಹಂತದಲ್ಲಿದ್ದಾಗ ಮತ್ತೆ 1-0, ವಿಲ್ ಗ್ರಿಗ್ ಗೋಲು. ಮೂರು ಸಲವೂ ಸಿಟಿಗೆ ಮನಸ್ಸಿರಲಿಲ್ಲವಾ?

ಕಪ್ ಗೆದ್ದ ತಂಡ ಮೂರೇ ದಿನಕ್ಕೆ ಕೆಳಗಿಳಿದದ್ದು ಹೇಗೆ?

ಇಂಗ್ಲೆಂಡಿನಲ್ಲಿ ಕಪ್ ಬೇರೆ, ಲೀಗ್ ಬೇರೆ. ಲೀಗ್‌ನ 20 ತಂಡಗಳಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ಹಂತಕ್ಕೆ ಹೋಗಲೇಬೇಕು. ಕಪ್ ಗೆದ್ದರೂ ವಿನಾಯಿತಿ ಇಲ್ಲ.

ಮೇ 14ರ ಮಂಗಳವಾರ ಆರ್ಸೆನಲ್ ಮೈದಾನದಲ್ಲಿ ವಿಗನ್ ಉಳಿಯಲು ಗೆಲ್ಲಬೇಕಿತ್ತು. ಮಲೋನಿಯ ಫ್ರೀಕಿಕ್‌ನಿಂದ ಅರ್ಧ ಸಮಯಕ್ಕೆ 1-1. ಇನ್ನೊಂದು ಪವಾಡ ಆಗುತ್ತಾ ಅಂತ ಉಸಿರು ಬಿಗಿಹಿಡಿದು ಕೂತಿದ್ದೆ. ಎರಡನೇ ಅವಧಿಯಲ್ಲಿ ಕಾಲುಗಳು ಸೋತವು. 4-1. ಎಂಟು ವರ್ಷದ ಪ್ರೀಮಿಯರ್ ಲೀಗ್ ವಾಸ ಅಲ್ಲಿಗೆ ಮುಗಿಯಿತು. 36 ಅಂಕ, 18ನೇ ಸ್ಥಾನ. ಒಂದೇ ಸೀಸನ್‌ನಲ್ಲಿ ಎಫ್‌ಎ ಕಪ್ ಗೆದ್ದು ಲೀಗ್‌ನಿಂದ ಕೆಳಗಿಳಿದ ತಂಡ ಅದಕ್ಕೆ ಮುಂಚೆ ಇರಲಿಲ್ಲ. 2011ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಗೆ ಹೀಗೇ ಆಗಿತ್ತು, ಆದರೆ ಅವರು ಗೆದ್ದಿದ್ದು ಲೀಗ್ ಕಪ್.

ಕಾರಣ ಕೇಳಿದರೆ ನಾನು ಹೇಳುವುದು ರಕ್ಷಣೆ. ಡಿಫೆಂಡರ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡರು. ರಾಮಿಸ್‌ಗೆ ಜನವರಿಯಲ್ಲೇ ಮಂಡಿ ಹೋಯಿತು. 38 ಪಂದ್ಯಗಳಲ್ಲಿ 73 ಗೋಲು ಬಿಟ್ಟುಕೊಟ್ಟ ತಂಡ ಎಷ್ಟು ಚಂದ ಪಾಸ್ ಮಾಡಿದರೂ ಉಳಿಯುವುದು ಕಷ್ಟ.

ಕಪ್ ಬಿಟ್ಟು ಲೀಗ್ ಕಡೆ ಗಮನ ಕೊಟ್ಟಿದ್ದರೆ ಉಳಿಯುತ್ತಿದ್ದರು ಅಲ್ಲವೇ?

ಈ ಪ್ರಶ್ನೆಯನ್ನು ನನಗೆ ಅತಿ ಹೆಚ್ಚು ಜನ ಕೇಳಿದ್ದಾರೆ. ಇದಕ್ಕೆ ನನ್ನ ಉತ್ತರ ಎಂದೂ ಬದಲಾಗಿಲ್ಲ.

ಲೆಕ್ಕ ನೋಡಿ. 17ನೇ ಸ್ಥಾನದಲ್ಲಿದ್ದ ಸಂಡರ್‌ಲ್ಯಾಂಡ್‌ಗೆ 39 ಅಂಕ. ಮೂರು ಅಂಕದ ಅಂತರ. ಕಪ್‌ಗಾಗಿ ಆಡಿದ್ದು ಫೈನಲ್ ಸೇರಿ ಏಳು ಪಂದ್ಯ. ಆ ದಣಿವು ಒಂದಿಷ್ಟು ಕಾಡಿರಬಹುದು. ಆದರೆ ಉಳಿದಿದ್ದರೆ ಏನಾಗುತ್ತಿತ್ತು? ಇನ್ನೊಂದು ವರ್ಷ 15ನೇ, 16ನೇ ಸ್ಥಾನ. ಟೀವಿ ಹಣ. ಆಮೇಲೆ ಮತ್ತೆ ಅದೇ ಗೋಳು. ವಿಗನ್‌ನ ಯಾವ ತಾಯಿಯೂ ಮಗುವಿಗೆ 16ನೇ ಸ್ಥಾನದ ಕಥೆ ಹೇಳುವುದಿಲ್ಲ. ಬೆನ್ ವಾಟ್ಸನ್ ಕಥೆ ಹೇಳುತ್ತಾಳೆ. ಲೀಗ್‌ನಲ್ಲಿ ಉಳಿಯುವುದು ಕಪ್ ಗೆಲ್ಲುವ ಆಸೆ ಇಟ್ಟುಕೊಳ್ಳುವುದಕ್ಕೇ ತಾನೇ? ಆಸೆಯೇ ಬೇಡ, ಉಳಿದರೆ ಸಾಕು ಎಂದರೆ ಯಾವ ಸುಖಕ್ಕೆ ಉಳಿಯುವುದು?

ಕೆಳಗಿಳಿದದ್ದರಿಂದ ಕೆಲಸ ಕಳೆದುಕೊಂಡವರಿದ್ದಾರೆ, ಆದಾಯ ಕುಸಿಯಿತು, ಅದು ನನಗೂ ಗೊತ್ತು. ಅದನ್ನು ಹಗುರವಾಗಿ ನೋಡುತ್ತಿಲ್ಲ. ಆದರೂ ಎರಡರಲ್ಲಿ ಒಂದು ಆರಿಸು ಎಂದರೆ ನಾನು ಕಪ್ಪನ್ನೇ ಆರಿಸುತ್ತೇನೆ.

ಊರಿನವರು ಸಂಭ್ರಮಪಟ್ಟರಾ, ಅತ್ತರಾ?

ಎರಡೂ. ಲೀಗ್‌ನಿಂದ ಕೆಳಗಿಳಿದ ಮೇಲೂ ಅದೇ ತಿಂಗಳಲ್ಲಿ ತೆರೆದ ಬಸ್ಸಿನ ಮೆರವಣಿಗೆ ನಡೆಯಿತು, ಬೀದಿ ತುಂಬ ಜನ. ಅದೇ ಆಗಸ್ಟ್‌ನಲ್ಲಿ ರಗ್ಬಿ ತಂಡ ವಿಗನ್ ವಾರಿಯರ್ಸ್ ವೆಂಬ್ಲಿಯಲ್ಲೇ ಹಲ್ ತಂಡವನ್ನು 16-0ಯಿಂದ ಸೋಲಿಸಿ ಚಾಲೆಂಜ್ ಕಪ್ ಗೆದ್ದಿತು. ಒಂದೇ ವರ್ಷ ಎರಡೂ ಕಪ್ ಒಂದೇ ಊರಿಗೆ. ಕಿರಿಯ ಮಗನೂ ಅಣ್ಣನ ಪಕ್ಕ ನಿಂತ ವರ್ಷ ಅದು.

ಎರಡನೇ ಹಂತದ ತಂಡ ಯುರೋಪ್‌ನಲ್ಲಿ ಆಡಿತಂತೆ, ನಿಜವೇ?

ನಿಜ. ಎಫ್‌ಎ ಕಪ್ ಗೆದ್ದವರಿಗೆ ಯುರೋಪಾ ಲೀಗ್ ಜಾಗ ಸಿಗುತ್ತದೆ. ಬೆಲ್ಜಿಯಂನ ಜುಲ್ಟೆ ವಾರೆಗೆಮ್, ಸ್ಲೊವೇನಿಯಾದ ಮಾರಿಬೋರ್, ರಷ್ಯಾದ ರುಬಿನ್ ಕಜಾನ್ ಜೊತೆ ಒಂದೇ ಗುಂಪು. ಮಾರಿಬೋರ್ ವಿರುದ್ಧ ಮನೆಯಲ್ಲಿ 3-1ರ ಗೆಲುವು. ಗುಂಪು ದಾಟಲಿಲ್ಲ.

ಆ ತಂಡದವರೆಲ್ಲ ಆಮೇಲೆ ಎಲ್ಲಿ ಹೋದರು?

ಮಾರ್ಟಿನೆಜ್ ಒಂದೇ ತಿಂಗಳಲ್ಲಿ ಎವರ್ಟನ್ ಸೇರಿದರು. ರೊಬ್ಲೆಸ್, ಅಲ್ಕರಾಜ್, ಅರುನಾ ಕೋನೆ, ಜೇಮ್ಸ್ ಮೆಕಾರ್ತಿ ನಾಲ್ವರೂ ಅವರ ಹಿಂದೆಯೇ ಹೋದರು. ಮಾರ್ಟಿನೆಜ್ ಮುಂದೆ ಬೆಲ್ಜಿಯಂ, ಪೋರ್ಚುಗಲ್ ದೇಶಗಳ ತಂಡಗಳನ್ನು ನಡೆಸಿದರು.

ಕ್ಲಬ್ಬಿನ ದಾರಿ ಅಷ್ಟು ಸಲೀಸಾಗಿರಲಿಲ್ಲ. ಮೂರನೇ ಹಂತಕ್ಕೂ ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. 2018ರಲ್ಲಿ ವೀಲನ್ ಕುಟುಂಬ ಕ್ಲಬ್ ಮಾರಿತು. 2020ರ ಜುಲೈನಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂತು, 12 ಅಂಕ ಕಡಿತವಾಯಿತು, ಅದರಿಂದಲೇ ಕೆಳಗಿಳಿಯಿತು. ಅಭಿಮಾನಿಗಳು ತಮ್ಮ ಕೈಯಿಂದ ದುಡ್ಡು ಹಾಕಿ ಕ್ಲಬ್ಬನ್ನು ಉಸಿರಾಡಿಸಿದರು. ಆ ದಿನಗಳಲ್ಲಿ ಅವರಿಗೆ ಹೇಳಿಕೊಳ್ಳಲು ಇದ್ದದ್ದು ಈ ಕಪ್ಪೇ.

ಆ ಕಾರ್ನರ್ ಹೊಡೆದ ಶಾನ್ ಮಲೋನಿ 2023ರ ಜನವರಿಯಲ್ಲಿ ಮ್ಯಾನೇಜರ್ ಆಗಿ ವಿಗನ್‌ಗೆ ಮರಳಿದರು, ಎರಡು ವರ್ಷಕ್ಕೂ ಜಾಸ್ತಿ ಇದ್ದರು.

ಪೂರ್ತಿ ಪಂದ್ಯ ನೋಡಲು ಪುರುಸೊತ್ತಿಲ್ಲ. ಯಾವ ಭಾಗ ನೋಡಲಿ?

ಮೊದಲು ತಂಡಗಳು ಮೈದಾನಕ್ಕೆ ಬರುವುದನ್ನು ನೋಡಿ, ವೀಲನ್ ಮುಖ ನೋಡಿ. ಆಮೇಲೆ 80ನೇ ನಿಮಿಷಕ್ಕೆ ಹೋಗಿ, ಅಲ್ಲಿಂದ ಕೊನೆಯವರೆಗೆ ನಿಲ್ಲಿಸಬೇಡಿ. ಕಾರ್ನರ್ ಬರುವಾಗ ವಾಟ್ಸನ್ ಪಕ್ಕ ಇರುವ ಸಿಟಿಯ ರಾಡ್‌ವೆಲ್‌ನನ್ನು ಗಮನಿಸಿ, ವಾಟ್ಸನ್ ಅವನಿಗಿಂತ ಅರ್ಧ ಹೆಜ್ಜೆ ಮುಂದೆ ಜಾರುತ್ತಾನೆ. ಕೊನೆಗೆ ಮೆಟ್ಟಿಲು ಹತ್ತಿ ಕಪ್ ತೆಗೆದುಕೊಳ್ಳುವುದನ್ನು ತಪ್ಪಿಸಬೇಡಿ. ಅವತ್ತು ಮೈದಾನದಲ್ಲಿ ನಾಯಕನಾಗಿದ್ದವರು ಎಮರ್ಸನ್ ಬಾಯ್ಸ್. ಕ್ಲಬ್ಬಿನ ನಾಯಕ ಗ್ಯಾರಿ ಕಾಲ್ಡ್‌ವೆಲ್ ಆ ದಿನ ಆಡಿರಲಿಲ್ಲ. ಕಾಲ್ಡ್‌ವೆಲ್‌ರನ್ನು ಬಿಟ್ಟು ಬಾಯ್ಸ್ ಕಪ್ ಎತ್ತಲಿಲ್ಲ. ಕಪ್‌ನ ಒಂದು ಹಿಡಿ ಇವರ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ.